ಮುಳ್ಳು ಹಲ್ಲಿ, ಬಿಯರ್ಡಿ ಸಾಕಿರೋರು ಇಲ್ಲಿ ಕೇಳಿ: ಭಾನುವಾರದ ಪ್ರಶ್ನೋತ್ತರ

ಡಾಕ್ಟ್ರು: ಎಲ್ರಿಗೂ ನಮಸ್ಕಾರ. ಸಂಜೆ 6ರಿಂದ 8ರ ತನಕ ಇರ್ತೀನಿ. ಬ್ಲೂ ಸ್ಪೈನಿ, ಬಿಯರ್ಡೆಡ್ ಡ್ರ್ಯಾಗನ್ ತರ ಮುಳ್ಳು ಮೈ ಹಲ್ಲಿಗಳ ಬಗ್ಗೆ ಮಾತ್ರ. ಬಲ್ಬ್ ಯಾವ್ದು, ಹಾಕಿ ಎಷ್ಟು ತಿಂಗಳಾಯ್ತು, ಬಿಸಿ ಜಾಗದ ಟೆಂಪರೇಚರ್ ಎಷ್ಟು, ಕೊನೇ ಸಲ ಕಕ್ಕ ಮಾಡಿದ್ದು ಯಾವಾಗ, ಇಷ್ಟು ಬರೀಲೇಬೇಕು. ಬರೀ ಫೋಟೋ ಹಾಕಿ "ಏನಾಗಿದೆ ಮೇಡಂ" ಅಂದ್ರೆ ನಾನು ಕವಡೆ ಹಾಕಿ ನೋಡ್ಬೇಕಷ್ಟೇ.

ಕೆಂಗೇರಿ ಹುಡುಗ: ಮೇಡಂ ನನ್ನ ಬಿಯರ್ಡಿ 5 ತಿಂಗಳದ್ದು, ಈ ಜನವರಿ ಚಳೀಲಿ ಸರಿಯಾಗಿ ತಿಂತಿಲ್ಲ, ರಾತ್ರಿ ರೂಮು 16 ತೋರಿಸ್ತಿದೆ, ರಾತ್ರಿನೂ ಬಲ್ಬ್ ಆನ್ ಇಡ್ಲಾ?

ಡಾಕ್ಟ್ರು: ಬಲ್ಬ್ ಬೇಡ, ರಾತ್ರಿ ಕತ್ತಲೆ ಬೇಕು. ಬೆಳಕು ಬರದ ಸೆರಾಮಿಕ್ ಹೀಟರ್ ಹಾಕಿ, ಥರ್ಮೋಸ್ಟಾಟ್ ಇಲ್ದೆ ಹಾಕ್ಬೇಡಿ. ಹಗಲು ಬಿಸಿ ಜಾಗ 40ರ ಹತ್ರ ಬರ್ತಿದ್ಯಾ ನೋಡಿ. ಮೈ ಬಿಸಿ ಆಗ್ದೆ ಇದ್ರೆ ತಿಂದಿದ್ದೂ ಅರಗಲ್ಲ.

ಸುಮ್ನೆ ಬಂದೆ: ನೀರು ಬೌಲಲ್ಲಿ ಇಡ್ಬೇಕಾ ಸ್ಪ್ರೇ ಮಾಡ್ಬೇಕಾ ಮೇಡಂ?

ನೀಲಿಯ ಅಮ್ಮ: ಮೇಡಂ ಪ್ಲೀಸ್ ನಂದು ಅರ್ಜೆಂಟು. ನನ್ನ ಬ್ಲೂ ಸ್ಪೈನಿ ಹೆಸರು ನೀಲಿ, ಎರಡು ವರ್ಷದ ಮೇಲಾಗಿದೆ, 10 ದಿನದಿಂದ ಏನೂ ತಿಂದಿಲ್ಲ, ಹೊಟ್ಟೆ ಎರಡೂ ಕಡೆ ಉಬ್ಬಿದೆ, ಹಿಂದಿನ ಕಾಲು ಎಳ್ಕೊಂಡು ನಡೀತಾಳೆ, ಬೆರಳು ಸಣ್ಣಗೆ ನಡುಗ್ತಾ ಇರತ್ತೆ, ದವಡೆ ಮುಟ್ಟಿದ್ರೆ ಗಟ್ಟಿ ಇಲ್ಲ, ಒಂಥರಾ ರಬ್ಬರ್ ಇದ್ದಂಗಿದೆ. ಯುವಿಬಿ ಟ್ಯೂಬು (ಬಿಸಿಲಲ್ಲಿರೋ ಕಿರಣ ಕೊಡೋ ಲೈಟು) ಒಳ್ಳೇದೇ, 14 ತಿಂಗಳಾಯ್ತು ಇನ್ನೂ ಚೆನ್ನಾಗಿ ಉರೀತಿದೆ, ಮನೇಲಿ ಬೆಕ್ಕಿದೆ ಅಂತ ಟ್ಯಾಂಕಿಗೆ ಗಾಜಿನ ಮುಚ್ಚಳ ಮಾಡಿಸಿದೀವಿ, ಟ್ಯೂಬು ಅದರ ಮೇಲಿದೆ. ಕೆಳಗೆ ಮರಳು. ಕಕ್ಕ 8 ದಿನದ ಹಿಂದೆ. ಇನ್ನೊಂದು ಹೆಣ್ಣು ಆಗಸ್ಟಿಂದ ಜೊತೇಲಿತ್ತು, ಜಗಳ ಆಡ್ತಿದ್ರು ಅಂತ ಕ್ರಿಸ್‌ಮಸ್ ಟೈಮಲ್ಲಿ ಕಸಿನ್‌ಗೆ ಕೊಟ್ಟೆ.

ಬಿಯರ್ಡಿ ಅಪ್ಪ: ಎಗ್ ಬೈಂಡಿಂಗ್ ಪಕ್ಕಾ, ಮೊಟ್ಟೆ ಹೊಟ್ಟೇಲೇ ಸಿಕ್ಕಾಕೊಂಡಿದೆ. ಒದ್ದೆ ಮರಳು ತುಂಬಿ ಒಂದು ಡಬ್ಬ ಇಡಿ, ಅಗೆದು ಮೊಟ್ಟೆ ಇಡತ್ತೆ. ನಮ್ಮದಕ್ಕೂ ಹಿಂಗೇ ಆಗಿತ್ತು.

ರಾಜಾಜಿನಗರ ಆಂಟಿ: ಇದು ನನಗೆ ಬಂದ ಫಾರ್ವರ್ಡ್, ತುಂಬಾ ಜನಕ್ಕೆ ಉಪಯೋಗ ಆಗಿದೆ. ಎಲೆ ಅಡಿಕೆಗೆ ಹಾಕೋ ಸುಣ್ಣ ಕಡ್ಲೆಕಾಳಷ್ಟು ತಗೊಂಡು ಜೇನಲ್ಲಿ ಕಲಸಿ ನಾಲಿಗೆಗೆ ಹಚ್ಚಿ, ಶುದ್ಧ ಕ್ಯಾಲ್ಸಿಯಂ. ಹೊಟ್ಟೆ ಸಡಿಲ ಆಗೋಕೆ ಹರಳೆಣ್ಣೆ 5 ತೊಟ್ಟು 🙏

ಡಾಕ್ಟ್ರು: ಆಂಟಿ, ದಯವಿಟ್ಟು ಅದನ್ನ ಡಿಲೀಟ್ ಮಾಡಿ. ಸುಣ್ಣ ಕ್ಷಾರ, ಬಾಯಿ ಗಂಟಲು ಸುಡತ್ತೆ. ಒಂದು ಕೈ ತೂಕದ ಪ್ರಾಣಿ ಅದು. ಹರಳೆಣ್ಣೆ ಬಾಯಿಗೆ ಹಾಕಿದ್ರೆ ಶ್ವಾಸಕೋಶಕ್ಕೂ ಇಳೀಬಹುದು. ಯಾರೂ ಎರಡನ್ನೂ ಮಾಡ್ಬೇಡಿ.

ನೀಲಿಯ ಅಮ್ಮ, ನಿಮ್ಮದನ್ನ ಮೂರು ಸಲ ಓದಿದೆ. ಬ್ಲೂ ಸ್ಪೈನಿ ಮೊಟ್ಟೆನೇ ಇಡಲ್ಲ, ಮರಿ ಹಾಕತ್ತೆ. ಬಿಯರ್ಡಿ ಆಸ್ಟ್ರೇಲಿಯಾದ್ದು, ಅದು ಮೊಟ್ಟೆ ಇಡತ್ತೆ, ಎರಡಕ್ಕೂ ಮುಳ್ಳಿದೆ ಅಂತ ಒಂದೇ ಲೆಕ್ಕ ಅಲ್ಲ. ನಿಮ್ಮದು ಟೆಕ್ಸಾಸಿನ ದಕ್ಷಿಣ, ಮೆಕ್ಸಿಕೋದ ಈಶಾನ್ಯ ಭಾಗದ ಬಂಡೆಗಳ ಮೇಲೆ ಬದುಕೋದು. ಹಾಗಾಗಿ ಒದ್ದೆ ಮರಳಿನ ಡಬ್ಬ ಇಟ್ಕೊಂಡು ಕಾಯ್ತಾ ಕೂತ್ರೆ ಟೈಮ್ ಹೋಗತ್ತೆ ಅಷ್ಟೇ. ಈಗ ಒಂದು ಪ್ರಶ್ನೆ, ಕಸಿನ್‌ಗೆ ಕೊಟ್ರಲ್ಲ ಆ "ಹೆಣ್ಣು", ಅದರ ಹೊಟ್ಟೆ ಅಡಿ ಯಾವ ಬಣ್ಣ? ಬಾಲದ ಬುಡದಲ್ಲಿ, ಕಕ್ಕ ಮಾಡೋ ಜಾಗದ ಹಿಂದೆ, ಬೇರೆ ಹುರುಪೆಗಿಂತ ದೊಡ್ಡವು ಎರಡು ಇದ್ವಾ? ಫೋಟೋ ಇದ್ರೆ ಹಾಕಿ.

ನೀಲಿಯ ಅಮ್ಮ: ಕಸಿನ್ ಈಗ ಕಳಿಸಿದ್ರು, ನೋಡಿ ಮೇಡಂ. ಹೊಟ್ಟೆ ಎರಡೂ ಪಕ್ಕ ಕಡು ನೀಲಿ ಪಟ್ಟೆ. ದೊಡ್ಡ ಹುರುಪೆ ಎರಡೂ ಇದೆ 😳 ಅಂಗಡೀಲಿ ಹೆಣ್ಣು ಅಂತಾನೇ ಕೊಟ್ಟಿದ್ದು.

ಡಾಕ್ಟ್ರು: ಅದು ಗಂಡು. ಆಗಸ್ಟಿಂದ ಡಿಸೆಂಬರ್ ಜೊತೆಗಿತ್ತು ಅಂದ್ರೆ ನೀಲಿ ಬಸಿರಿರೋ ಸಾಧ್ಯತೆ ಜಾಸ್ತಿ. ಆದ್ರೆ ನನಗೆ ಭಯ ಇರೋದು ಬಸುರಿನ ಬಗ್ಗೆ ಅಲ್ಲ, ಆ ದವಡೆ ಬಗ್ಗೆ. ಯುವಿಬಿ ಗಾಜು ದಾಟಿ ಬರಲ್ಲ. ಇಷ್ಟು ದಿನ ನಿಮ್ಮ ಟ್ಯೂಬು ಮುಚ್ಚಳಕ್ಕೆ ಬಿಸಿಲು ಕಾಯಿಸಿದೆ, ನೀಲಿಗಲ್ಲ. ಅದೂ ಅಲ್ದೆ ಟ್ಯೂಬು ಕಣ್ಣಿಗೆ ಉರೀತಿದ್ರೂ ಯುವಿಬಿ ಮೊದಲೇ ಸೋತಿರತ್ತೆ, 6ರಿಂದ 12 ತಿಂಗಳೊಳಗೆ ಬದಲಾಯಿಸ್ಬೇಕು. ಯುವಿಬಿ ಇಲ್ದೆ ಚರ್ಮದಲ್ಲಿ ವಿಟಮಿನ್ ಡಿ3 ಆಗಲ್ಲ, ಡಿ3 ಇಲ್ದೆ ನೀವು ಎಷ್ಟು ಪೌಡರ್ ಉದುರಿಸಿದ್ರೂ ಕ್ಯಾಲ್ಸಿಯಂ ಮೈಗೆ ಹತ್ತಲ್ಲ. ಮರಿ ಬೆಳೆಯೋಕೂ ಕ್ಯಾಲ್ಸಿಯಂ ಬೇಕು, ಊಟದಿಂದ ಸಿಗ್ಲಿಲ್ಲ ಅಂದ್ರೆ ತಾಯಿ ಮೂಳೆಯಿಂದ ಹೋಗತ್ತೆ, ದವಡೆ ರಬ್ಬರ್ ಆಗೋದು ಹಿಂಗೆ. ಬೆರಳು ನಡುಗೋದು ರಕ್ತದಲ್ಲೂ ಕ್ಯಾಲ್ಸಿಯಂ ಇಳಿದಿದೆ ಅನ್ನೋಕೆ ಗುರುತು. ಕಾಲು ಎಳೆಯೋದು ಬೆನ್ನುಮೂಳೆ ಬಿರುಕಿಂದಾನೂ ಇರಬಹುದು, ಮರಳು ತಿಂದು ಕರುಳು ಕಟ್ಟಿರೋದ್ರಿಂದಾನೂ ಇರಬಹುದು, ಅದು ಎಕ್ಸ್‌ರೇ ಇಲ್ದೆ ಯಾರೂ ಹೇಳೋಕಾಗಲ್ಲ, ನಾನೂ ಸೇರಿ.

ಇವತ್ತು ರಾತ್ರಿ ಗಾಜು ತೆಗೆದು ಕಬ್ಬಿಣದ ಜಾಲಿ ಹಾಕಿ, ಬೆಕ್ಕನ್ನ ಬೇರೆ ರೂಮಲ್ಲಿ ಬಿಡಿ. ಮರಳೆಲ್ಲ ತೆಗೆದು ಪೇಪರ್ ಹಾಸಿ. ಹತ್ತೋ ಕೊಂಬೆ ಕಲ್ಲು ತೆಗೀರಿ, ಬಿದ್ರೆ ಮುರಿಯತ್ತೆ. ಹೊಟ್ಟೆ ಒತ್ತಿ ನೋಡ್ಬೇಡಿ. ಬಲವಂತವಾಗಿ ಹುಳ ತುರುಕಬೇಡಿ, ತಣ್ಣಗಿರೋ ಹೊಟ್ಟೇಲಿ ಅದು ಕೊಳೆಯತ್ತೆ. ನಾಳೆ ಬೆಳಿಗ್ಗೆನೇ ಡಬ್ಬದಲ್ಲಿ ಟವೆಲ್ ಹಾಸಿ, ಪಕ್ಕದಲ್ಲಿ ಬಟ್ಟೆ ಸುತ್ತಿದ ಬಿಸಿನೀರ ಬಾಟ್ಲಿ ಇಟ್ಟು ಹೆಬ್ಬಾಳದ ವೆಟರ್ನರಿ ಕಾಲೇಜಿಗೆ ಹೋಗಿ, ಇಲ್ಲಾ ನನಗೆ ಇನ್‌ಬಾಕ್ಸ್ ಮಾಡಿ. ಮನುಷ್ಯರ ಕ್ಯಾಲ್ಸಿಯಂ ಮಾತ್ರೆ ಪುಡಿ ಮಾಡ್ಬೇಡಿ, ಡಿ3 ಹೆಚ್ಚಾದ್ರೂ ಅಪಾಯ.

ರಾಜಾಜಿನಗರ ಆಂಟಿ: ಒಳ್ಳೇದಕ್ಕೇ ಹಾಕಿದ್ದಮ್ಮ. ನಮ್ಮ ಅಜ್ಜಿ ದಿನಾ ಸುಣ್ಣ ತಿಂತಿದ್ರು, 90 ವರ್ಷ ಬದುಕಿದ್ರು.

ಡಾಕ್ಟ್ರು: ನಿಮ್ಮ ಅಜ್ಜಿ ಹಲ್ಲಿ ಅಲ್ಲ ಆಂಟಿ.

ಯಲಹಂಕ ಪಾಪು: ನನ್ನ ಸ್ಪೈನಿ ಬೆಳಿಗ್ಗೆ ಗ್ಲಾಸ್ ಹತ್ರ ನಿಂತು ಮೈಯೆಲ್ಲಾ ಮೇಲೆ ಕೆಳಗೆ ಮಾಡತ್ತೆ ಮೇಡಂ, ಫಿಟ್ಸಾ?

ಡಾಕ್ಟ್ರು: ದಂಡ ಹೊಡೀತಿದೆ. ಗ್ಲಾಸಲ್ಲಿ ಕಾಣೋ ತನ್ನನ್ನೇ ಇನ್ನೊಂದು ಗಂಡು ಅಂದ್ಕೊಂಡಿದೆ. ಆ ಕಡೆ ಹೊರಗಿಂದ ಕಾಗದ ಅಂಟಿಸಿ.

ತುರಹಳ್ಳಿ ವಾಕರ್: ಇದಕ್ಕೇ ಹೇಳೋದು, ಎಲ್ಲಿಂದಲೋ ತಂದು ಪೆಟ್ಟಿಗೇಲಿಟ್ಟು ಮೂಳೆ ಕರಗಿಸೋ ಬದಲು ನಮ್ಮ ಬಂಡೆ ಓತಿ ನೋಡ್ರಪ್ಪ. ತುರಹಳ್ಳಿ ಬಂಡೆ ಮೇಲೆ ಸೀಸನ್ನಲ್ಲಿ ಗಂಡು ಮೇಲೆ ಕೆಂಪು ಕೆಳಗೆ ಕಪ್ಪು ಆಗಿ ಇದೇ ದಂಡ ಹೊಡೀತಿರತ್ತೆ, ಫ್ರೀ ಶೋ.

ಬಿಯರ್ಡಿ ಅಪ್ಪ: ಗುರು ನೀವು ಚಿಕ್ಕೋರಿದ್ದಾಗ ಓತಿಕ್ಯಾತ ರಕ್ತ ಕುಡಿಯತ್ತೆ ಅಂತ ಕಲ್ಲು ಹೊಡೆದಿರ್ತೀರ, ಈಗ ಪ್ರೀತಿ. ನಾವು ಮನೇಲಿ ಸಾಕಿದ್ರೆ ತಪ್ಪಾ?

ತುರಹಳ್ಳಿ ವಾಕರ್: ಹೌದು ಹೊಡೆದಿದೀನಿ, ಒಪ್ಕೋತೀನಿ. ನೀವು ಮೊಟ್ಟೆ ಇಡದೆ ಇರೋದಕ್ಕೆ ಮೊಟ್ಟೆ ಡಬ್ಬ ಇಡ್ಸೋಕೆ ಹೋಗಿದ್ರಿ, ನೀವೂ ಒಪ್ಕೊಳಿ.

ಬಿಯರ್ಡಿ ಅಪ್ಪ: ಸಹಾಯ ಮಾಡೋಕೆ ಬಂದೋರಿಗೆ ಹಿಂಗೆ ಮಾತಾಡೋದಾ? ಬರೀ ವಾಕಿಂಗ್ ಹೋಗೋರಿಗೆ ಬಿಯರ್ಡಿ ಬಗ್ಗೆ ಏನ್ ಗೊತ್ತು.

ಸಿಟಿ ಮಾರ್ಕೆಟ್ ಮಗಾ: ಸಾಂಡಾ ಎಣ್ಣೆ ಮಂಡಿ ನೋವಿಗೆ ಕೆಲಸ ಮಾಡತ್ತಾ? ಫುಟ್‌ಪಾತಲ್ಲಿ ಮಾರ್ತಾರೆ.

ಡಾಕ್ಟ್ರು: ಮಾಡಲ್ಲ. ಸಾಂಡಾ ಅಂದ್ರೆ ರಾಜಸ್ಥಾನ ಕಡೆ ಮರುಭೂಮಿಯ ಮುಳ್ಳು ಬಾಲದ ಹಲ್ಲಿ, ಹುಲ್ಲು ಸೊಪ್ಪು ತಿನ್ನೋ ಬಡಪಾಯಿ ಪ್ರಾಣಿ. ಅದರ ಬೆನ್ನು ಮುರಿದು ಕೊಬ್ಬು ಕಾಯಿಸ್ತಾರೆ. 1972ರ ವನ್ಯಜೀವಿ ಕಾಯ್ದೇಲಿ ಅದಕ್ಕೆ ರಕ್ಷಣೆ ಇದೆ, ಕೊಳ್ಳೋದೂ ಅಪರಾಧ. ಮಂಡಿ ನೋವಿಗೆ ಮೂಳೆ ಡಾಕ್ಟ್ರ ಹತ್ರ ಹೋಗಿ.

ಕೆಂಗೇರಿ ಹುಡುಗ: ಊರಿಂದ ತಂದ ಮಿಂಚುಹುಳ ಹಾಕಬಹುದಾ?

ಡಾಕ್ಟ್ರು: ಬೇಡವೇ ಬೇಡ. ವಿಷ. ಅಮೆರಿಕದ ಮಿಂಚುಹುಳ ತಿಂದು ಬಿಯರ್ಡಿಗಳು ಸತ್ತಿರೋದು ದಾಖಲಾಗಿದೆ.

ಇಗ್ವಾನ ಬ್ರೋ: ಇಗ್ವಾನಕ್ಕೆ ರಿಜಿಸ್ಟ್ರೇಷನ್ ಬೇಕಾ? ಫ್ರೆಂಡ್ ಬೇಡ ಅಂತಾನೆ.

ಡಾಕ್ಟ್ರು: ಫ್ರೆಂಡ್ ತಪ್ಪು. ಹಸಿರು ಇಗ್ವಾನ ಸೈಟಿಸ್ (ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದ) ಪಟ್ಟೀಲಿದೆ, 2024ರ ನಿಯಮದ ಪ್ರಕಾರ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್ಲಲ್ಲಿ ಮಾಡಿಸ್ಬೇಕು. ಮುಳ್ಳು ಹಲ್ಲಿ ಬಗ್ಗೆ ಮಾತ್ರ ಅಂತ ಮೇಲೆ ಬರೆದಿದ್ದೆ.

ಸುಮ್ನೆ ಬಂದೆ: ಮೇಡಂ ನೀರು ಬೌಲಾ ಸ್ಪ್ರೇನಾ?

ಯಲಹಂಕ ಪಾಪು: ಹೀಟ್ ರಾಕ್, ಕರೆಂಟಲ್ಲಿ ಬಿಸಿಯಾಗೋ ಕಲ್ಲು, ಒಳ್ಳೇದಾ?

ಡಾಕ್ಟ್ರು: ಇಲ್ಲ. ಹೊಟ್ಟೆ ಸುಡತ್ತೆ.

ಹೊಸ ಮೆಂಬರ್: ಮೇಡಂ ಚಳೀಲಿ ರಾತ್ರಿ ಬಲ್ಬ್ ಹಾಕ್ಬೇಕಾ?

ಡಾಕ್ಟ್ರು: ಮೇಲೆ ಓದಿ.

ಇನ್ನೊಬ್ಬ ಹೊಸ ಮೆಂಬರ್: ರಾತ್ರಿ ಕೆಂಪು ಬಲ್ಬ್ ಓಕೆನಾ ಡಾಕ್ಟ್ರೇ?

ಡಾಕ್ಟ್ರು: ಮೇಲೆ ಓದಿ ಅಂದ್ರೆ ಮೇಲೆ ಓದಿ.

ಬಿಯರ್ಡಿ ಅಪ್ಪ: ಮೇಡಂ ಇಷ್ಟು ಗರಂ ಆಗೋದಾದ್ರೆ ಯಾಕೆ ಪ್ರಶ್ನೆ ಕೇಳಿ ಅನ್ನೋದು?

ಡಾಕ್ಟ್ರು: ಸರಿ, 8 ಗಂಟೆ ಆಯ್ತು. ನೀಲಿಯ ಅಮ್ಮ, ನಾಳೆ ಏನಾಯ್ತು ಹೇಳಿ. ಕಸಿನ್ ಹತ್ರ ಇರೋ ಗಂಡಿನ ದವಡೆನೂ ನೋಡಿಸಿ, ಅದೂ ಅದೇ ಗಾಜಿನ ಕೆಳಗಿದ್ದಿದ್ದು.

(ಮಾರನೇ ದಿನ)

ನೀಲಿಯ ಅಮ್ಮ: ಮೇಡಂ ಎಕ್ಸ್‌ರೇ, ಸ್ಕ್ಯಾನ್ ಎರಡೂ ಆಯ್ತು. ಮೂಳೆ ಎಲ್ಲಾ ಮಬ್ಬು ಮಬ್ಬು ಕಾಣ್ತಿದೆ ಅಂದ್ರು, ಬೆನ್ನು ಮುರಿದಿಲ್ಲ, ಮರಳು ಸ್ವಲ್ಪ ಇದೆ. ಸ್ಕ್ಯಾನಲ್ಲಿ ಮರಿ ಕನಿಷ್ಠ 6, ಎದೆ ಬಡ್ಕೋತಿರೋದು ತೋರಿಸಿದ್ರು, ಅಕ್ಕಿಕಾಳಿನಷ್ಟು ಏನೋ ಮಿಣ ಮಿಣ ಅಂತಿತ್ತು, ನಾನು ಅಲ್ಲೇ ಅತ್ತುಬಿಟ್ಟೆ. ಕ್ಯಾಲ್ಸಿಯಂ ಇಂಜೆಕ್ಷನ್ ಕೊಟ್ಟಿದಾರೆ.

ಡಾಕ್ಟ್ರು: ಬೆನ್ನು ಮುರಿದಿಲ್ಲ ಅಂದಿದ್ದು ಓದಿ ನನಗೇ ಸಮಾಧಾನ ಆಯ್ತು. ಎಕ್ಸ್‌ರೇ ಫೋಟೋ ಕಳಿಸಿ, ಪಕ್ಕದಿಂದ ತೆಗೆದಿದ್ದೂ ಬೇಕು. ಹೆರಿಗೆ ಆಗೋವರೆಗೂ ಅಪಾಯ ಹೋಗಿಲ್ಲ, ಗಂಡನ್ನ ವಾಪಸ್ ಜೊತೆಗೆ ಬಿಡ್ಬೇಡಿ. ಮರಿ ಹುಟ್ಟಿದ ಕೂಡ್ಲೇ ಬೇರೆ ಟ್ಯಾಂಕು.

ಸಿಟಿ ಮಾರ್ಕೆಟ್ ಮಗಾ: ಮರಿ ಒಂದಕ್ಕೆ ಎಷ್ಟು? ಇನ್‌ಬಾಕ್ಸ್ ಮಾಡಿ.

ಸುಮ್ನೆ ಬಂದೆ: ಬೌಲಾ, ಸ್ಪ್ರೇನಾ??