ಪದ್ಮಿನಿ ಬಾಗಿಲ ನೆಗ್ಗು ಮನೆಯಲ್ಲೇ ಎತ್ತುವುದು: ಸುತ್ತಿಗೆ ಎಲ್ಲಿಂದ ಶುರು, ಪುಟ್ಟಿ ಎಷ್ಟು?

ಕೋಡಿಬಾಗ_ಪದ್ಮಿನಿ:

1986ರ ಪ್ರೀಮಿಯರ್ ಪದ್ಮಿನಿ, ಗಾಡಿ ಇರುವುದು ಕಾರವಾರದ ಕೋಡಿಬಾಗದಲ್ಲಿ. ಎರಡು ಕಡೆ ನೆಗ್ಗಿದೆ.

ಒಂದು, ಬಾನೆಟ್ ಮೇಲೆ ತೆಂಗಿನಕಾಯಿ ಬಿದ್ದು ಬಟ್ಟಲಿನ ಹಾಗೆ ಆಗಿದೆ. ಅಗಲ ಒಂದು ಗೇಣು, ಆಳ ಸುಮಾರು 10 ಮಿ.ಮೀ. ಬಣ್ಣ ಬಿರಿದಿಲ್ಲ. ಇನ್ನೊಂದು, ಎಡಗಡೆ ಹಿಂದಿನ ಬಾಗಿಲು ಚಿರೆಕಲ್ಲಿನ ಪಾಗಾರಕ್ಕೆ ಒರೆಸಿ 30 ಸೆ.ಮೀ. ಉದ್ದದ ಗೆರೆ ಬಿದ್ದಿದೆ. ನಡುವೆ 12 ಮಿ.ಮೀ. ಒಳಗೆ ಹೋಗಿದೆ, ಗೆರೆಯ ಮೇಲೂ ಕೆಳಗೂ ತಗಡು ಉಬ್ಬಿಕೊಂಡಿದೆ. ಅದೇ ಬಾಗಿಲ ತಳದಲ್ಲಿ ಬಣ್ಣ ಗುಳ್ಳೆ ಗುಳ್ಳೆಯಾಗಿ ಎದ್ದಿದೆ.

ಕೈಯಲ್ಲಿರುವುದು ಟಿಂಕರಿಂಗ್ ಸುತ್ತಿಗೆ ಎರಡು, ಡಾಲಿ (ತಗಡಿನ ಹಿಂದೆ ಹಿಡಿಯುವ ಉಕ್ಕಿನ ಗಟ್ಟಿ) ಎರಡು, 4 ಇಂಚಿನ ಗ್ರೈಂಡರ್. ಗ್ಯಾಸ್ ವೆಲ್ಡಿಂಗ್ ಸೆಟ್ ಒಂದು ದಿನದ ಮಟ್ಟಿಗೆ ತರಬಹುದು. ಕುದಿಯುವ ನೀರು ಹೊಯ್ದರೆ ಬಾನೆಟ್ ನೆಗ್ಗು ತಾನೇ ಎದ್ದು ಬರುತ್ತದೆ ಅಂತ ವಿಡಿಯೊ ನೋಡಿದ್ದೇನೆ, ಅದು ನಿಜವೇ? ಬಾಗಿಲಿಗೆ ತಿರುಪು ಹಾಕಿ ಎಳೆದು, ಉಳಿದದ್ದನ್ನು ಪುಟ್ಟಿಯಲ್ಲಿ ತುಂಬಬಹುದೇ? ಮಳೆ ನಿಂತ ಮೇಲೆ ಕೆಲಸ ಹಿಡಿಯುವ ಯೋಚನೆ ಇದೆ.

ಶಿರಸಿ_ತಗಡು:

ಬಿಸಿನೀರಿನ ಉಪಾಯ ಪ್ಲಾಸ್ಟಿಕ್ ಬಂಪರ್‌ಗೆ ಸರಿ. ಹಳೇ ಪದ್ಮಿನಿಯ ಉಕ್ಕಿನ ತಗಡಿಗೆ ನೀರಿನ ಬಿಸಿ ಯಾವ ಲೆಕ್ಕಕ್ಕೂ ಇಲ್ಲ. ಬಾನೆಟ್ಟನ್ನು ಒಳಗಿನಿಂದಲೇ ಎತ್ತಬೇಕು.

ಸುತ್ತಿಗೆ ಹಿಡಿಯುವ ಮೊದಲು ಎರಡು ಪರೀಕ್ಷೆ ಮಾಡಿ. ಸಣ್ಣ ಅಯಸ್ಕಾಂತವನ್ನು ತೆಳು ಬಟ್ಟೆಯಲ್ಲಿ ಸುತ್ತಿ ಬಾಗಿಲ ತುಂಬ ಆಡಿಸಿ. ಹಿಡಿತ ಸಡಿಲವಾದ ಕಡೆ ಯಾರೋ ಹಿಂದೆಯೇ ಪುಟ್ಟಿ ತುಂಬಿದ್ದಾರೆ ಅಂತ ಅರ್ಥ. ಅದನ್ನು ತಗಡು ಕಾಣುವ ತನಕ ತೆಗೆಯದೆ ಹೊಡೆದರೆ ಪುಟ್ಟಿ ಒಡೆದು ಉದುರುತ್ತದೆ, ತಗಡಿನ ಏರು ತಗ್ಗು ಕೈಗೆ ಸಿಗುವುದಿಲ್ಲ. ಎರಡನೆಯದು, ಬಾಗಿಲು ಹಾಕಿ ಸುತ್ತಲಿನ ಸಂದು ನೋಡಿ. ಪದ್ಮಿನಿ ಫಿಯಟ್ 1100ರಿಂದ ಬಂದ ಗಾಡಿ, ಕೆಳಗೆ ಬೇರೆ ಚಾಸಿ ಇಲ್ಲ, ಬಾಡಿಯೇ ಭಾರ ಹೊರುತ್ತದೆ. ಸಂದು ಮೇಲೊಂದು ಕೆಳಗೊಂದು ಆಗಿದ್ದರೆ ಪೆಟ್ಟು ಹಿಂಜಿಗೋ ಬಾಗಿಲು ಕೂರುವ ಕಂಬಕ್ಕೋ ಮುಟ್ಟಿದೆ. ಅದನ್ನು ಮೊದಲು ಸರಿ ಮಾಡದೆ ತಗಡು ತಿದ್ದಿ ಉಪಯೋಗವಿಲ್ಲ.

ಬಾನೆಟ್ ಸುಲಭ, ಏಕೆಂದರೆ ಗೆರೆ ಇಲ್ಲ. ಬಿಚ್ಚಿ ಮಗುಚಿ ಹಾಕಿ. ಅಡಿಗೆ ಮರಳಿನ ಚೀಲ ಬೇಕು. ದಪ್ಪ ಕ್ಯಾನ್ವಾಸ್ ಚೀಲಕ್ಕೆ ಮುಕ್ಕಾಲು ಭಾಗ ಹೊಳೆಮರಳು ತುಂಬಿ, ಸಮುದ್ರದ ಮರಳು ಖಂಡಿತ ಬೇಡ, ಉಪ್ಪು ತಗಡಿಗೆ ಹತ್ತುತ್ತದೆ. ಮರದ ಕೊಡತಿಯ ಒಂದು ಮುಖವನ್ನು ಸ್ವಲ್ಪ ಉಬ್ಬಾಗಿ ಕೆತ್ತಿಸಿಕೊಳ್ಳಿ. ನೆಗ್ಗಿನ ಅಂಚಿನಿಂದ ಸುತ್ತುತ್ತಾ ನಡುವಿಗೆ ಬನ್ನಿ, ಮೆಲ್ಲಗೆ ತುಂಬ ಪೆಟ್ಟು. ನಡುವಿಗೇ ಜೋರಾಗಿ ಒಂದು ಬಿಟ್ಟರೆ ಅಲ್ಲಿ ತಗಡು ಹಿಗ್ಗಿ ಮೊಟ್ಟೆಯ ಹಾಗೆ ಮೇಲೇಳುತ್ತದೆ, ಆಮೇಲೆ ಅದನ್ನು ಕೂರಿಸುವುದೇ ದೊಡ್ಡ ಕೆಲಸ. ಒಳಗಿನ ಪಟ್ಟಿ ಅಡ್ಡ ಬಂದರೆ ಪಟ್ಟಿ ಕತ್ತರಿಸಬೇಡಿ. ಹಳೇ ಲೀಫ್ ಸ್ಪ್ರಿಂಗಿನ ತುಂಡಿನ ತುದಿ ಉರುಟು ಮಾಡಿ, ಸಂದಿಯಿಂದ ತೂರಿಸಿ ಒತ್ತಿ.

ಬಾಗಿಲ ಲೆಕ್ಕವೇ ಬೇರೆ. ಅಲ್ಲಿ ನಿಜವಾಗಿ ಪೆಟ್ಟು ಬಿದ್ದದ್ದು ಆ ಗೆರೆಗೆ ಮಾತ್ರ. ಮೇಲೆ ಕೆಳಗೆ ಉಬ್ಬಿದ್ದು ಗೆರೆ ಎಳೆದುಕೊಂಡ ಕಾರಣಕ್ಕೆ. ಆ ಉಬ್ಬು ಗೆರೆಯನ್ನು ಒಳಗೇ ಬಂಧಿಸಿ ಇಟ್ಟಿದೆ. ಹಾಗಾಗಿ ಪೆಟ್ಟು ಬಿದ್ದ ಕ್ರಮಕ್ಕೆ ತಿರುಗಾಮುರುಗಾ ಹೋಗಬೇಕು, ಕೊನೆಗೆ ಆದ ಉಬ್ಬನ್ನು ಮೊದಲು ಬಿಡಿಸಬೇಕು. ಒಳಗಿನ ರೆಕ್ಸಿನ್ ಹಲಗೆ, ಗ್ಲಾಸ್ ಹ್ಯಾಂಡಲ್ ತೆಗೆದು, ಗ್ಲಾಸನ್ನು ಪೂರ್ತಿ ಮೇಲೆತ್ತಿ ಕಟ್ಟಿ. ಡಾಲಿಯನ್ನು ಒಳಗಿನಿಂದ ಗೆರೆಯ ತಗ್ಗಿಗೆ ಒತ್ತಿ ಹಿಡಿಯಿರಿ, ಸುತ್ತಿಗೆ ಬೀಳಬೇಕಾದದ್ದು ಹೊರಗಿನ ಉಬ್ಬಿನ ಮೇಲೆ. ಉಬ್ಬು ಇಳಿದ ಹಾಗೆ ಕೈಯೊತ್ತಿಗೆ ತಗ್ಗು ಏಳುತ್ತದೆ. ಗೆರೆ ಆಳ ಕಡಿಮೆ ಇರುವ ಎರಡು ತುದಿಗಳಿಂದ ಶುರು ಮಾಡಿ ನಡುವಿಗೆ ಬನ್ನಿ. 12 ಮಿ.ಮೀ. ತಗ್ಗು 2–3 ಮಿ.ಮೀ.ಗೆ ಬರುವ ತನಕ ಇದೇ ಕ್ರಮ.

ಆಮೇಲೆ ಮಾತ್ರ ಡಾಲಿ ಮತ್ತು ಸುತ್ತಿಗೆ ಎದುರು ಬದುರು, ತಗಡು ನಡುವೆ. ಈ ಹೊಡೆತ ತಗಡನ್ನು ತೆಳುವಾಗಿಸಿ ಹಿಗ್ಗಿಸುತ್ತದೆ, ಅದಕ್ಕೆ ಲೆಕ್ಕವಿಟ್ಟು ಬಳಸಿ. ಡಾಲಿಯ ಮುಖದ ಉರುಟು ತಗಡಿನ ಬಾಗಿಗಿಂತ ತುಸು ಹೆಚ್ಚಿರಲಿ. ಸುತ್ತಿಗೆ 300–400 ಗ್ರಾಂ ಸಾಕು, ಮುಖ ಕನ್ನಡಿಯಂತಿರಲಿ. ಮುಖದಲ್ಲಿ ಒಂದು ಚಿಕ್ಕ ಕಚ್ಚು ಇದ್ದರೆ ಪ್ರತಿ ಪೆಟ್ಟಿಗೂ ಅದರ ಅಚ್ಚು ತಗಡಿಗೆ ಬೀಳುತ್ತದೆ.

ನೋಡುವುದು ಕಣ್ಣಿಗಿಂತ ಅಂಗೈಯಿಂದ. ತೆಳು ಬನಿಯನ್ ಬಟ್ಟೆ ನಡುವೆ ಇಟ್ಟು, ಬೆರಳತುದಿ ಎತ್ತಿ, ಅಂಗೈಯನ್ನು ಉದ್ದಕ್ಕೆ ಎಳೆಯಿರಿ. ಬಳಿಕ ತಗಡಿಗೆ ಸೀಮೆಎಣ್ಣೆ ಸವರಿ ಟ್ಯೂಬ್‌ಲೈಟಿನ ಬಿಂಬ ನೋಡಿ. ಬಿಂಬ ಸೊಟ್ಟಗಾದ ಕಡೆ ಇನ್ನೂ ಕೆಲಸ ಬಾಕಿ ಇದೆ.

ಮಾಜಾಳಿ_ಗ್ಯಾರೇಜ್:

ಒಳಗೆ ಕೈ ಹೋಗದ ಕಡೆ ತಿರುಪು ಹಾಕಿ ಸ್ಲೈಡ್ ಹ್ಯಾಮರ್‌ನಿಂದ (ಸಲಾಕೆಯ ಮೇಲೆ ಭಾರ ಜಾರಿಸಿ ಎಳೆಯುವ ಸಾಧನ) ಎಳೆಯುವುದು ಬೇಗ ಆಗುತ್ತದೆ ಸರ್. 3 ಮಿ.ಮೀ. ತೂತು, ಎರಡು ಇಂಚಿಗೆ ಒಂದು. ತೂತು ಪುಟ್ಟಿಯಲ್ಲಿ ಮುಚ್ಚಿಹೋಗುತ್ತದೆ.

ಅಂಕೋಲಾ_ಪ್ರೈಮರ್:

ದಯವಿಟ್ಟು ತೂತು ಕೊರೆಯಬೇಡಿ, ಅದೂ ಸಮುದ್ರದಂಚಿನ ಗಾಡಿಗೆ. ಬಾಗಿಲ ಒಳಗೆ ಮಳೆನೀರು ಇಳಿಯುತ್ತಲೇ ಇರುತ್ತದೆ, ಗ್ಲಾಸಿನ ರಬ್ಬರ್ ಯಾವತ್ತೂ ಪೂರ್ತಿ ತಡೆಯುವುದಿಲ್ಲ. ಆ ನೀರು ತೂತಿನ ಮೂಲಕ ಪುಟ್ಟಿಯ ಬೆನ್ನಿಗೆ ಮುಟ್ಟುತ್ತದೆ. ಪಾಲಿಯೆಸ್ಟರ್ ಪುಟ್ಟಿ ನೀರು ಹೀರುವ ವಸ್ತು. ಮೇಲೆ ಬಣ್ಣ ಹೊಳೆಯುತ್ತಿರುವಾಗಲೇ ಅಡಿಯಲ್ಲಿ ತುಕ್ಕು ಹಬ್ಬಿ ಒಂದೆರಡು ಮಳೆಗಾಲದಲ್ಲಿ ಪುಟ್ಟಿ ಹಪ್ಪಳದಂತೆ ಎದ್ದು ಬರುತ್ತದೆ. ಎಳೆಯಲೇಬೇಕಾದರೆ ಸ್ಟಡ್ ವೆಲ್ಡರ್ ಬಾಡಿಗೆಗೆ ತನ್ನಿ, ತೂತಿಲ್ಲದೆ ಮೊಳೆ ಅಂಟಿಸಿ ಎಳೆದು, ಕತ್ತರಿಸಿ ಉಜ್ಜಬಹುದು. ಹಾಗೆ ಬೆಸೆದ ಕಡೆ ಒಳಬದಿಯ ಬಣ್ಣ ಸುಟ್ಟಿರುತ್ತದೆ, ಅಲ್ಲಿಗೂ ಪ್ರೈಮರ್ ಮುಟ್ಟಿಸಬೇಕು. ಇಲ್ಲಿ ಕೈ ಹೋಗುವ ಬಾಗಿಲು ಇರುವಾಗ ಅದೂ ಬೇಡ.

ತಳದ ಗುಳ್ಳೆಗೆ ಕಾರಣ ಬಾಗಿಲ ಅಡಿಯ ನೀರು ಹೋಗುವ ತೂತುಗಳು ಮಣ್ಣು ತುಂಬಿ ಕಟ್ಟಿರುವುದು. ತಂತಿ ಹಾಕಿ ಬಿಡಿಸಿ. ಗುಳ್ಳೆಯನ್ನು ಸ್ಕ್ರೂಡ್ರೈವರ್ ತುದಿಯಿಂದ ಚುಚ್ಚಿ ನೋಡಿ, ಒಳಗೆ ಹೋದರೆ ತಗಡು ಸತ್ತಿದೆ. ಸುತ್ತ ಗಟ್ಟಿ ತಗಡು ಸಿಗುವ ತನಕ ಕತ್ತರಿಸಿ, 20 ಗೇಜ್ ಸಿ.ಆರ್. (ಕೋಲ್ಡ್ ರೋಲ್ಡ್ ಉಕ್ಕಿನ) ಶೀಟಿನ ತುಂಡು ಕೂರಿಸಿ. ಆರ್ಕ್ ವೆಲ್ಡಿಂಗ್ ಈ ತಗಡನ್ನು ತೂತು ಮಾಡುತ್ತದೆ. ಸಿಒ2 (ತಂತಿ ತಾನೇ ಬರುವ ಮಿಗ್) ವೆಲ್ಡಿಂಗ್ ಇರುವವರ ಬಳಿ ಬಾಗಿಲನ್ನೇ ಒಯ್ಯುವುದು ಒಳ್ಳೆಯದು. 0.8 ಮಿ.ಮೀ. ತಂತಿ, ಒಂದು ಇಂಚಿಗೊಂದು ಚುಕ್ಕೆ, ಒಂದು ಚುಕ್ಕೆ ಇಲ್ಲಿ, ಮುಂದಿನದು ಎದುರು ಮೂಲೆಗೆ, ನಡುವೆ ಕೈ ಮುಟ್ಟುವಷ್ಟು ತಣಿಯಲಿ. ಸಾಲಾಗಿ ಎಳೆದರೆ ಈಗ ನೇರ ಮಾಡಿದ ತಗಡು ಮತ್ತೆ ಅಲೆಯೇಳುತ್ತದೆ.

ಇನ್ನು ಪ್ರೈಮರ್, ಪುಟ್ಟಿಯ ಕ್ರಮ. ಕರಾವಳಿಯಲ್ಲಿ ಕೆಲಸ ಕೆಡುವುದು ಹೆಚ್ಚಾಗಿ ಇಲ್ಲೇ.

ಬಣ್ಣ ತೆಗೆಯುವ ಮೊದಲು ಇಡೀ ಬಾಗಿಲನ್ನು ಒಳಗೂ ಹೊರಗೂ ಸಿಹಿನೀರಿನಲ್ಲಿ ತೊಳೆದು ಒಣಗಿಸಿ. ಬಾವಿ ನೀರು ಸವಳಿದ್ದರೆ ಆ ನೀರು ಬೇಡವೇ ಬೇಡ. ಉಪ್ಪು ಉಳಿದ ತಗಡನ್ನು ಗ್ರೈಂಡರ್ ಹಿಡಿದು ಉಜ್ಜಿದರೆ ಉಪ್ಪು ಗೀರುಗಳ ಒಳಗೇ ಕೂರುತ್ತದೆ. ಹಳೇ ಬಣ್ಣದ ದೂಳಿನಲ್ಲಿ ಸೀಸ ಇರಬಹುದು, ಮಾಸ್ಕ್ ಹಾಕಿ, ಮಕ್ಕಳನ್ನು ದೂರ ಇಡಿ. 80 ನಂಬರ್ ಉಜ್ಜುಕಾಗದದ ಡಿಸ್ಕಿನಲ್ಲಿ ಹೊಳೆಯುವ ತಗಡು ಬರಲಿ, ಆದರೆ ಒಂದೇ ಕಡೆ ನಿಲ್ಲಿಸಬೇಡಿ, ತಗಡು ನೀಲಿಯಾದರೆ ಬಿಸಿ ಮಿತಿಮೀರಿದೆ ಅಂತಲೇ ಅರ್ಥ. ಹೊಳೆಯುವ ತಗಡಿಗೆ ಬರಿಗೈ ಮುಟ್ಟಿಸಬೇಡಿ. ಬೆವರ ಗುರುತು ಮರುದಿನವೇ ಕಂದು ಬೆರಳಚ್ಚಾಗಿ ಏಳುತ್ತದೆ. ಬಣ್ಣ ತೆಗೆದ ದಿನವೇ ಎರಡು ಭಾಗದ ಎಪಾಕ್ಸಿ ಪ್ರೈಮರ್ ಹೊಡೆಯಿರಿ, ರಾತ್ರಿ ಹಾಗೇ ಬಿಡಬೇಡಿ.

ಪುಟ್ಟಿ ಎಪಾಕ್ಸಿಯ ಮೇಲೆ, ತಗಡಿನ ಮೇಲಲ್ಲ. ಎಪಾಕ್ಸಿ ಹೊಡೆದ ಮೇಲೆ ಪುಟ್ಟಿ ಹಾಕಲು ಅದರ ಡಬ್ಬಿಯಲ್ಲಿ ಬರೆದ ಅವಧಿ ಮೀರಿದ್ದರೆ ಮೊದಲು 180 ನಂಬರ್ ಉಜ್ಜುಕಾಗದದಲ್ಲಿ ಗೀರಿ. ವಾಷ್ ಪ್ರೈಮರ್ (ಆಸಿಡ್ ಇರುವ ಪ್ರೈಮರ್) ಅಥವಾ ತುಕ್ಕು ತೆಗೆಯುವ ಆಸಿಡ್ ಉಳಿದ ಕಡೆ ಎಪಾಕ್ಸಿಯೂ ಹಿಡಿಯುವುದಿಲ್ಲ, ಪುಟ್ಟಿಯೂ ಗಟ್ಟಿಯಾಗುವುದಿಲ್ಲ. ಅಳತೆ: 100 ಗ್ರಾಂ ಪುಟ್ಟಿಗೆ 2 ಗ್ರಾಂ ಹಾರ್ಡನರ್ (ಗಟ್ಟಿಯಾಗಿಸುವ ಪೇಸ್ಟ್). ನಮ್ಮ ಸೆಖೆಯಲ್ಲಿ ಕೈಯಲ್ಲಿ ಉಳಿಯುವುದು ನಾಲ್ಕೈದು ನಿಮಿಷ, ಹಾಗಾಗಿ ಒಂದು ಸಲಕ್ಕೆ ನಿಂಬೆಹಣ್ಣಿನಷ್ಟೇ ಕಲಸಿ. ಬೇಗ ಆಗಲಿ ಅಂತ ಹಾರ್ಡನರ್ ಹೆಚ್ಚು ಹಾಕಿದರೆ ಅದರ ಕಲೆ ತಿಂಗಳು ಬಿಟ್ಟು ಬಣ್ಣದ ಮೇಲೆ ಮೂಡುತ್ತದೆ. ಕಲಸುವಾಗ ಬೀಸಬೇಡಿ, ಒತ್ತಿ ಒತ್ತಿ ಎಳೆಯಿರಿ, ಬೀಸಿದರೆ ಗಾಳಿ ಸೇರಿ ಸೂಜಿತೂತು ಬೀಳುತ್ತದೆ. ಉಜ್ಜಿದ ಮೇಲೆ ಉಳಿಯುವ ದಪ್ಪ 2 ಮಿ.ಮೀ. ಒಳಗಿರಲಿ, 3 ದಾಟಿದರೆ ಮತ್ತೆ ಸುತ್ತಿಗೆಗೆ ಹೋಗಿ.

ಪುಟ್ಟಿಯನ್ನು ಒಣಗೇ ಉಜ್ಜಿ: ಮರದ ಪಟ್ಟಿಗೆ ಸುತ್ತಿದ 80, ಆಮೇಲೆ 120, 180. ನೀರು ಹಾಕಿ ಉಜ್ಜುವ ಅಭ್ಯಾಸ ಬಹಳ ಕಡೆ ಇದೆ, ಅದೇ ನೀರು ಪುಟ್ಟಿಯೊಳಗೆ ಉಳಿದು ಏಪ್ರಿಲ್ ಬಿಸಿಲಿಗೆ ಬಣ್ಣದಡಿ ಗುಳ್ಳೆಯಾಗುತ್ತದೆ. ವಾಟರ್ ಪೇಪರ್ ಏನಿದ್ದರೂ ಸರ್ಫೇಸರ್ (ಬಣ್ಣಕ್ಕೆ ಮುಂಚಿನ ಪ್ರೈಮರ್ ಪದರ) ಹೊಡೆದ ಮೇಲೆ, 600 ನಂಬರಿನಿಂದ.

ಮಳೆ ನಿಂತ ಕೂಡಲೇ ಹಿಡಿಯಬೇಡಿ. ಅಕ್ಟೋಬರ್‌ನಲ್ಲಿ ಗಾಳಿ ಇನ್ನೂ ಒದ್ದೆಯೇ. ಡಿಸೆಂಬರ್‌ನಿಂದ ಫೆಬ್ರವರಿ ಒಳ್ಳೆಯದು, ಅದೂ ಇಬ್ಬನಿ ಆರಿದ ಮೇಲೆ 11ರಿಂದ 4 ಗಂಟೆ. ಒದ್ದೆ ಬಟ್ಟೆಯಿಂದ ತಗಡಿನ ಮೇಲೊಂದು ಗೆರೆ ಎಳೆಯಿರಿ. ಕಾಲು ಗಂಟೆಯಲ್ಲಿ ಅದು ಆರದಿದ್ದರೆ ಆ ದಿನ ಪ್ರೈಮರ್ ಇಲ್ಲ.

ಕೋಡಿಬಾಗ_ಪದ್ಮಿನಿ:

ಬಾನೆಟ್ ಕೊಡತಿಯಲ್ಲೇ ಸರಿಯಾಯಿತು. ಬಾಗಿಲ ಗೆರೆಯೂ ಎದ್ದಿದೆ, ತಗ್ಗು ಎಲ್ಲೂ 1 ಮಿ.ಮೀ.ಗಿಂತ ಹೆಚ್ಚಿಲ್ಲ. ಆದರೆ ಗೆರೆಯ ಕೆಳಗೆ ಅಂಗೈ ಅಗಲದ ಜಾಗ ಬೆರಳಲ್ಲಿ ಒತ್ತಿದರೆ ಟಕ್ ಅಂತ ಒಳಗೆ ಹೋಗುತ್ತದೆ, ಬಿಟ್ಟರೆ ಟಕ್ ಅಂತ ಹೊರಗೆ ಬರುತ್ತದೆ, ಎಣ್ಣೆಡಬ್ಬದ ತಳದ ಹಾಗೆ. ಹೀಗೇ ಪುಟ್ಟಿ ಹಾಕಬಹುದೇ?

ಶಿರಸಿ_ತಗಡು:

ಹಾಕಬೇಡಿ ಮಾರಾಯ್ರೆ, ಬಾಗಿಲು ಹಾಕಿದ ನಾಲ್ಕು ಸಲಕ್ಕೆ ಬಿರುಕು ಬಿಡುತ್ತದೆ.

ಮೊದಲು ಅದು ನಿಜವಾಗಿ ಹಿಗ್ಗಿದೆಯೋ ನೋಡಿ. ಗೆರೆಯ ತುದಿಯಲ್ಲಿ ಬಿಡಿಸದೆ ಉಳಿದ ಒಂದು ಸಣ್ಣ ಮಡಿಕೆ ಇದ್ದರೂ ಪಕ್ಕದ ತಗಡು ಹೀಗೇ ಟಕ್ ಅನ್ನುತ್ತದೆ. ಎರಡೂ ತುದಿಗಳಲ್ಲಿ ಉಗುರು ಎಳೆದು ನೋಡಿ. ಉಗುರು ತಡೆದರೆ ಅಲ್ಲಿ ಡಾಲಿ ಹಿಡಿದು ಹತ್ತು ಹದಿನೈದು ಮೆಲ್ಲನೆಯ ಪೆಟ್ಟು ಹಾಕಿ. ಹಲವು ಸಲ ಅಷ್ಟಕ್ಕೇ ಗಟ್ಟಿಯಾಗುತ್ತದೆ, ಬೆಂಕಿಯೇ ಬೇಡ.

ಅದರಿಂದ ಆಗಲಿಲ್ಲವೆಂದರೆ ತಗಡು ಹೆಚ್ಚಾಗಿದೆ, ಕುಗ್ಗಿಸಬೇಕು. ಬಾಗಿಲನ್ನು ಗಾಡಿಯಿಂದ ಕಳಚಿ, ಗ್ಲಾಸು, ರಬ್ಬರ್, ಒಳಗಿನ ಕಪ್ಪು ಡಾಂಬರು ಕೋಟಿಂಗ್ ಎಲ್ಲ ತೆಗೆದಿರಲಿ. ಕೋಟಿಂಗ್ ಉಳಿದರೆ ಹೊತ್ತಿಕೊಳ್ಳುತ್ತದೆ. ಪಕ್ಕದಲ್ಲಿ ಒಂದು ಬಾಲ್ದಿ ನೀರು. ಜಾಗ ಹೊರಗೆ ಉಬ್ಬಿ ನಿಲ್ಲಲಿ, ಉಬ್ಬಿನ ತುತ್ತತುದಿಗೆ ಚಾಕ್‌ಪೀಸಿನಲ್ಲಿ ಗುರುತು ಹಾಕಿ. ಸಣ್ಣ ನಾಜಲ್, ಸಮಜ್ವಾಲೆ (ಆಮ್ಲಜನಕ, ಅಸಿಟಿಲೀನ್ ಸಮ ಪ್ರಮಾಣ). ಅಂಗಿ ಗುಂಡಿಯಷ್ಟೇ ಜಾಗ, ಮಂಕು ಕೆಂಪು ಬಂದ ತಕ್ಷಣ ಬೆಂಕಿ ತೆಗೆಯಿರಿ. ಕಾದ ಚುಕ್ಕೆ ಮೊಡವೆಯ ಹಾಗೆ ಮೇಲೆದ್ದಿರುತ್ತದೆ. ಒಳಗಿನಿಂದ ಡಾಲಿಯನ್ನು ಸಡಿಲವಾಗಿ ಮುಟ್ಟಿಸಿ, ಕೊಡತಿಯಿಂದ ಮೊದಲು ಚುಕ್ಕೆಯ ಸುತ್ತ, ಆಮೇಲೆ ಚುಕ್ಕೆಯ ಮೇಲೆ ನಾಲ್ಕೈದು ಪೆಟ್ಟು. ಕೆಂಪು ಪೂರ್ತಿ ಆರಿ ಕಪ್ಪಾದ ಮೇಲೆ ಒದ್ದೆ ಬಟ್ಟೆ ಒತ್ತಿ. ಕೆಂಪಿರುವಾಗಲೇ ನೀರು ಮುಟ್ಟಿಸಿದರೆ ಆ ಚುಕ್ಕೆ ಗಡುಸಾಗಿ ಆಮೇಲೆ ಫೈಲ್ ಕೂಡ ಜಾರುತ್ತದೆ.

ಕಾದ ತಗಡು ಹಿಗ್ಗಲು ನೋಡುತ್ತದೆ, ಸುತ್ತಲಿನ ತಣ್ಣನೆಯ ತಗಡು ಬಿಡುವುದಿಲ್ಲ, ಹಾಗಾಗಿ ಅದು ಅಲ್ಲೇ ದಪ್ಪವಾಗುತ್ತದೆ. ತಣಿಯುವಾಗ ಕುಗ್ಗಿ ಸುತ್ತಲಿನದ್ದನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ. ಚುಕ್ಕೆ ದೊಡ್ಡದಾದರೆ ಈ ಎಳೆತ ಕೈ ಮೀರಿ ಬಾಗಿಲೇ ಸೊಟ್ಟಗಾಗುತ್ತದೆ.

ಒಂದು ಚುಕ್ಕೆ ಆದ ಮೇಲೆ ಪೂರ್ತಿ ತಣಿಯಲಿ, ಬೆರಳಲ್ಲಿ ಒತ್ತಿ ನೋಡಿ. ಅಂಗೈ ಅಗಲದ ಜಾಗಕ್ಕೆ ಎರಡು ಮೂರು ಚುಕ್ಕೆ ಸಾಕಾಗಬೇಕು. ಟಕ್ ಅನ್ನುವುದು ನಿಂತಲ್ಲಿಗೆ ನಿಲ್ಲಿಸಿ. ಹೆಚ್ಚು ಕುಗ್ಗಿ ಸುತ್ತ ಬಿಗಿ ಕಂಡರೆ ಆ ಚುಕ್ಕೆಯ ಮೇಲೆ ಡಾಲಿ ಎದುರಿಟ್ಟು ಎರಡು ಪೆಟ್ಟು ಹಾಕಿ, ಬೇಕಾದಷ್ಟು ಹಿಗ್ಗುತ್ತದೆ. ಕೊನೆಗೆ ಬಾಡಿ ಫೈಲನ್ನು ಓರೆಯಾಗಿ ಎಳೆಯಿರಿ, ಹೊಳೆದದ್ದು ಏರು, ಮಂಕಾಗಿ ಉಳಿದದ್ದು ತಗ್ಗು. ಏರನ್ನು ಫೈಲಿನಲ್ಲಿ ಸವೆಸಿ ಸಮ ಮಾಡಲು ಹೋಗಬೇಡಿ, ತಗಡಿನ ದಪ್ಪ ಇರುವುದೇ ಸುಮಾರು 0.9 ಮಿ.ಮೀ.

ಅಂಕೋಲಾ_ಪ್ರೈಮರ್:

ಕಾಯಿಸಿದ ಜಾಗದ ನೀಲಿ-ಕಪ್ಪು ಪದರವನ್ನು ಎರಡೂ ಬದಿ 80ರಲ್ಲಿ ತೆಗೆದು ಎಪಾಕ್ಸಿ ಹೊಡೆಯಿರಿ, ಒಳಬದಿ ಮರೆಯಬೇಡಿ.

ಬಣ್ಣದ ಬಗ್ಗೆ: ಹಳೇ ಬಣ್ಣದ ಮೇಲೆ ಥಿನ್ನರ್ ಹಾಕಿದ ಬಟ್ಟೆ ಒಂದು ನಿಮಿಷ ಒತ್ತಿ. ಬಣ್ಣ ಬಟ್ಟೆಗೆ ಹತ್ತಿದರೆ ಅಥವಾ ಸುಕ್ಕಾದರೆ ಅದರ ಮೇಲೆ ನೇರವಾಗಿ 2ಕೆ (ಹಾರ್ಡನರ್ ಬೆರೆಸುವ ಎರಡು ಭಾಗದ) ಬಣ್ಣ ಹೊಡೆಯಬಾರದು, ಅಂಚು ಎದ್ದು ಬರುತ್ತದೆ. ನಡುವೆ ಎಪಾಕ್ಸಿ ಪದರ ಬೇಕು. 2ಕೆ ಹಾರ್ಡನರ್‌ನಲ್ಲಿ ಐಸೊಸಯನೇಟ್ ಎಂಬ ಉಸಿರಿಗೆ ಅಪಾಯದ ರಾಸಾಯನಿಕ ಇದೆ, ಬಟ್ಟೆಯ ಮಾಸ್ಕ್ ಅದಕ್ಕೆ ಏನೂ ಅಲ್ಲ. ಹೊರಗಿನ ಶುದ್ಧ ಗಾಳಿ ಪೈಪಿನಲ್ಲಿ ಬರುವ ಮುಸುಕು ಇಲ್ಲದಿದ್ದರೆ ಸರ್ಫೇಸರ್, ಬಣ್ಣ ಎರಡನ್ನೂ ಪೇಂಟ್ ಬೂತ್ ಇರುವಲ್ಲಿ ಹೊಡೆಸಿ. ಎನ್.ಸಿ. (ನೈಟ್ರೊಸೆಲ್ಯುಲೋಸ್) ಬಣ್ಣವಾದರೆ ಒದ್ದೆ ಗಾಳಿಗೆ ಬಿಳಿ ಮಬ್ಬು ಕಟ್ಟುತ್ತದೆ, ನಿಧಾನ ಆರುವ ಥಿನ್ನರ್ ಕೇಳಿ ತನ್ನಿ.

ಬಣ್ಣ ಪೂರ್ತಿ ಗಟ್ಟಿಯಾದ ಮೇಲೆ ಬಾಗಿಲ ತಳದ ಮಡಿಕೆಗೆ ಒಳಗಿನಿಂದ ಕ್ಯಾವಿಟಿ ವ್ಯಾಕ್ಸ್ (ತುಕ್ಕು ತಡೆಯುವ ಮೇಣ) ಹೊಡೆಯಿರಿ. ಮೊದಲೇ ಹೊಡೆದರೆ ಅದು ಸಂದಿಯಿಂದ ಹೊರಗೆ ಜಿನುಗಿ ಬಣ್ಣ ಹಿಡಿಯದಂತೆ ಮಾಡುತ್ತದೆ. ಹೊಡೆದ ಮೇಲೆ ನೀರು ಹೋಗುವ ತೂತುಗಳಿಗೆ ಮತ್ತೊಮ್ಮೆ ತಂತಿ ಹಾಕಿ, ವ್ಯಾಕ್ಸ್ ಅವನ್ನೇ ಮುಚ್ಚಿರುತ್ತದೆ.