ಅಮ್ಮನ ಕೇರ್ ಏಜೆನ್ಸಿಯಿಂದ ಕೌನ್ಸಿಲ್ ಕೈಗೆ: ದಾಟಿ ಬಂದವರು ಹೇಳಿ

ಕೇಳಿದವರು

ಎಲ್ಲರಿಗೂ ನಮಸ್ಕಾರ. ನಾವಿರುವುದು ಇಂಗ್ಲೆಂಡಿನ ಮಿಡ್‌ಲ್ಯಾಂಡ್ಸ್‌ನಲ್ಲಿ. ಅಮ್ಮನಿಗೆ 79, ಮರೆವಿನ ಕಾಯಿಲೆ. ಕೌನ್ಸಿಲ್ (ಇಲ್ಲಿನ ಸ್ಥಳೀಯ ಆಡಳಿತ) ಗೊತ್ತುಮಾಡಿದ ಏಜೆನ್ಸಿಯಿಂದ ದಿನಕ್ಕೆ ಮೂರು ಸಲ ಅಮ್ಮನನ್ನು ನೋಡಿಕೊಳ್ಳಲು ಕೇರರ್ ಬರುತ್ತಾರೆ. ಈಗ ಕಾಗದ ಬಂದಿದೆ. ಏಜೆನ್ಸಿಯ ಕಾಂಟ್ರಾಕ್ಟ್ ಮುಗಿಯುತ್ತಿದೆಯಂತೆ, ಮುಂದೆ ಕೌನ್ಸಿಲ್‌ನವರೇ ಸ್ವಂತ ಕೆಲಸಗಾರರನ್ನು ಇಟ್ಟುಕೊಂಡು ನಡೆಸುತ್ತಾರಂತೆ. ನನ್ನ ಚಿಂತೆ ಒಂದೇ. ಎರಡು ವರ್ಷದಿಂದ ಬರುತ್ತಿರುವ ಹುಡುಗಿ ಕೇರಳದವಳು. ಅಮ್ಮನಿಗೆ ಇಂಗ್ಲಿಷ್ ಮರೆತೇ ಹೋಗಿದೆ. ಅವಳು "ಅಮ್ಮಾ, ಇನ್ನೊಂದು ತುತ್ತು" ಅನ್ನುವಷ್ಟು ಕನ್ನಡ ಕಲಿತಿದ್ದಾಳೆ. ಅವಳು ಹೋಗಿಬಿಡುತ್ತಾಳಾ? ದುಡ್ಡು ಜಾಸ್ತಿ ಆಗುತ್ತದಾ?

ಮಾವನವರನ್ನು ನೋಡಿಕೊಂಡ ಸೊಸೆ

ನಮ್ಮ ಮಾವನವರಿಗೆ ಹೀಗೇ ಆಗಿತ್ತು. ಮೊದಲು ಸಮಾಧಾನದ ಮಾತು. ಕೆಲಸ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋದಾಗ ಕೆಲಸಗಾರರೂ ಜೊತೆಗೆ ಹೋಗುವ ಕಾನೂನು ಇಲ್ಲಿದೆ. ಟ್ಯೂಪಿ ಅನ್ನುತ್ತಾರೆ. (ಟೋಪಿ ಅಲ್ಲ, ನಮ್ಮ ಯಜಮಾನರು ಹಾಗೇ ಕೇಳಿಸಿಕೊಂಡಿದ್ದರು!) ಹಾಗಾಗಿ ನಿಮ್ಮ ಹುಡುಗಿಯ ಕೆಲಸ ಬಹುಶಃ ಉಳಿಯುತ್ತದೆ. ಆದರೆ ಅವಳು ನಿಮ್ಮ ಮನೆಗೇ ಬರುತ್ತಾಳೆ ಅಂತ ಆ ಕಾನೂನು ಹೇಳುವುದಿಲ್ಲ. ನಾವು ಎಡವಿದ್ದೇ ಅಲ್ಲಿ.

ಹೊಸ ಟೀಮ್ ಬಂದ ಕೂಡಲೇ ಪೋಸ್ಟ್‌ಕೋಡ್ ನೋಡಿ ಯಾರು ಯಾವ ಮನೆಗಳಿಗೆ ಹೋಗಬೇಕು ಅಂತ ಹಂಚಿದರು. ನಮ್ಮ ಹಳೆಯ ಕೇರರ್ ಊರಿನ ಆ ತುದಿಗೆ ಹೋದಳು. ಎರಡು ವಾರದಲ್ಲಿ ಏಳು ಹೊಸ ಮುಖ. ಮಾವ ಸ್ನಾನಕ್ಕೇ ಒಪ್ಪಲಿಲ್ಲ. ಅಪರಿಚಿತರ ಮುಂದೆ ಬಟ್ಟೆ ಬಿಚ್ಚುವುದಾದರೂ ಹೇಗೆ, ಅಲ್ವಾ? ಒಂದು ರಾತ್ರಿಯಂತೂ ಕೀ ಸೇಫ್ (ಬಾಗಿಲ ಹೊರಗೆ ಮನೆ ಕೀ ಇಡುವ ಪೆಟ್ಟಿಗೆ) ನಂಬರ್ ಹೊಸಬರ ಹತ್ತಿರ ಇರಲೇ ಇಲ್ಲ. ಅವರು ಬಾಗಿಲು ತಟ್ಟಿ ಹೊರಟುಹೋದರು. ಬೆಳಗ್ಗೆ ನಾನು ಹೋಗಿ ನೋಡಿದರೆ ಮಾವ ಕುರ್ಚಿಯಲ್ಲೇ ಮಲಗಿದ್ದರು, ಒದ್ದೆ ಬಟ್ಟೆಯಲ್ಲಿ.

ಆಮೇಲೆ ಕೌನ್ಸಿಲ್‌ನ ಸೋಷಿಯಲ್ ವರ್ಕರ್‌ಗೆ ಫೋನ್ ಮಾಡಿ ರಿವ್ಯೂ ಕೇಳಿದೆ, ಅಂದರೆ ಕೇರ್ ಪ್ಲಾನ್ ಇನ್ನೊಮ್ಮೆ ನೋಡಿ ಅಂತ. 2014ರ ಕೇರ್ ಆ್ಯಕ್ಟ್ ಪ್ರಕಾರ ಕೇಳುವ ಹಕ್ಕು ನಮಗಿದೆ. ನೀವು ಈಗಲೇ ಕೇಳಿ, ಬದಲಾವಣೆ ಆಗುವ ಮುಂಚೆಯೇ. "ಭಾಷೆಯ ಕಾರಣಕ್ಕೆ ಇದೇ ಕೇರರ್ ಬೇಕು" ಅನ್ನುವುದು ಕೇರ್ ಪ್ಲಾನ್‌ನಲ್ಲಿ ಬರಹದಲ್ಲಿ ಬರಲಿ. ಬಾಯಿಮಾತಿನಲ್ಲಿ "ನೋಡೋಣ ಮೇಡಂ" ಅಂದರೆ ಒಪ್ಪಬೇಡಿ.

ಇನ್ನೊಂದು ವಿಷಯ. ಏಜೆನ್ಸಿಯ ಆ್ಯಪ್ ಕೊನೆಯ ದಿನವೇ ನಮಗೆ ಬಂದ್ ಆಯಿತು. ಮನೆಯಲ್ಲಿದ್ದ ಫೈಲನ್ನೂ ಅವರು ತೆಗೆದುಕೊಂಡು ಹೋದರು. ಮಾತ್ರೆ ಚಾರ್ಟಿನ ಫೋಟೋ ಮೊದಲೇ ತೆಗೆದಿಡಿ. ಫ್ರಿಜ್ ಮೇಲೆ ಒಂದು ಹಾಳೆ ಅಂಟಿಸಿ. ನಮ್ಮದರಲ್ಲಿ ಇದ್ದದ್ದು: ಕಾಫಿ ಸ್ಟೀಲ್ ಲೋಟದಲ್ಲೇ ಕೊಡಿ, ಪಿಂಗಾಣಿ ಕಪ್ ಮುಟ್ಟುವುದಿಲ್ಲ. ರಾತ್ರಿ ಮೊಸರನ್ನ ಸಾಕು. ಎಡಗೈಯಲ್ಲಿ ಕೊಟ್ಟರೆ ಸಿಟ್ಟು ಬರುತ್ತದೆ. "ಬನ್ನಿ", "ನೀರು", "ನೋವಾ?" ಇವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದಿದ್ದೆ. ಎರಡು ತಿಂಗಳಾದ ಮೇಲೆ, ನಿಜ ಹೇಳುತ್ತೇನೆ, ಮುಂಚಿಗಿಂತ ಚೆನ್ನಾಗಿ ನಡೆಯಿತು. ಕೇರರ್ ಓಡುತ್ತಾ ಬಂದು ಓಡುತ್ತಾ ಹೋಗುವುದು ನಿಂತಿತು.

ನಿವೃತ್ತ ಜಿಪಿ (ಫ್ಯಾಮಿಲಿ ಡಾಕ್ಟರ್)

ನಾನು ಇಲ್ಲಿಗೆ ಬಂದದ್ದು 1979ರಲ್ಲಿ. ಆಗ ಮನೆಗೆ ಬರುತ್ತಿದ್ದ "ಹೋಮ್ ಹೆಲ್ಪ್" ಹೆಂಗಸರು ಕೌನ್ಸಿಲ್ ನೌಕರರೇ. ಈ ಕೆಲಸವನ್ನು ಹೊರಗಿನವರಿಗೆ ಕೊಡುವುದು ಜೋರಾದದ್ದು ಕೇರ್ ಬಗ್ಗೆ 1990ರ ಕಾನೂನು ಬಂದ ಮೇಲೆ. ಅದು 1993ರಲ್ಲಿ ಪೂರ್ತಿ ಜಾರಿಗೆ ಬಂತು. ಸರ್ಕಾರ ಕೊಟ್ಟ ಹೊಸ ಹಣದಲ್ಲಿ ನೂರಕ್ಕೆ 85 ಭಾಗವನ್ನು ಕೌನ್ಸಿಲ್‌ಗಳು ಹೊರಗಿನ ಸಂಸ್ಥೆಗಳ ಮೇಲೇ ಖರ್ಚು ಮಾಡಬೇಕಿತ್ತು. ಆಮೇಲೆ 2011ರಲ್ಲಿ ಕೇರ್ ಹೋಮ್ ನಡೆಸುತ್ತಿದ್ದ ಸದರ್ನ್ ಕ್ರಾಸ್ ಕಂಪನಿ ಮುಳುಗಿತು. ಸುಮಾರು 750 ಕೇರ್ ಹೋಮ್‌ಗಳು, 31,000 ಜನ ವಯಸ್ಸಾದವರು. ಈಗ ಸುತ್ತಿ ಬಳಸಿ ಹಳೆಯ ಜಾಗಕ್ಕೇ ಬರುತ್ತಿದ್ದಾರೆ. ಹೆದರಬೇಡಮ್ಮ. ಯಾರೇ ನಡೆಸಲಿ, ಹೊಣೆ ಮೊದಲಿನಿಂದಲೂ ಕೌನ್ಸಿಲ್‌ನದ್ದೇ. ದೂರು ಕೊಡುವುದಿದ್ದರೆ ಮೊದಲು ಅವರಿಗೆ, ಆಗಲಿಲ್ಲ ಅಂದರೆ ಓಂಬುಡ್ಸ್‌ಮನ್‌ಗೆ (ದೂರು ವಿಚಾರಿಸುವ ಸ್ವತಂತ್ರ ಅಧಿಕಾರಿ).

ಸ್ಕಾಟ್ಲೆಂಡಿನಿಂದ

ನಮ್ಮಲ್ಲಿ 65 ದಾಟಿದವರಿಗೆ ಸ್ನಾನ, ಬಟ್ಟೆ, ಊಟದ ಸಹಾಯ 2002ರಿಂದ ಉಚಿತ. ದುಡ್ಡಿನ ವಿಷಯದಲ್ಲಿ ಎಡಿನ್‌ಬರಾ ಗೆಳೆಯರು ಹೇಳಿದ್ದನ್ನು ನಂಬಿ ಕೂರಬೇಡಿ, ನಿಮ್ಮ ಕಡೆ ಲೆಕ್ಕವೇ ಬೇರೆ.

ಏಜೆನ್ಸಿಯಿಂದ ಕೌನ್ಸಿಲ್‌ಗೆ ಬಂದ ಕೇರರ್, ಮೈಸೂರಿನವಳು

ಅಕ್ಕಾ, ನಾನು ಆ ಕಡೆಯಿಂದ ಹೇಳುತ್ತೇನೆ. ಏಜೆನ್ಸಿಯಲ್ಲಿ ನನಗೆ ಮನೆಯೊಳಗೆ ಇದ್ದ ನಿಮಿಷಕ್ಕೆ ಮಾತ್ರ ಸಂಬಳ. ಒಂದು ಮನೆಯಿಂದ ಇನ್ನೊಂದು ಮನೆಗೆ ಬಸ್ಸಿನಲ್ಲಿ ಹೋದ ಹೊತ್ತು ನನ್ನ ತಲೆಗೆ. 15 ನಿಮಿಷದ ಕಾಲ್‌ನಲ್ಲಿ (ಒಂದು ಮನೆಯ ಭೇಟಿ) ಸ್ನಾನ ಮಾಡಿಸಲಾ, ತಿಂಡಿ ತಿನ್ನಿಸಲಾ? ಈಗ ಶಿಫ್ಟ್ ಲೆಕ್ಕ, ಹುಷಾರಿಲ್ಲದಾಗ ರಜೆಗೆ ಸಂಬಳ, ಪೆನ್ಶನ್ ಇದೆ. ನಾನು ನಿಂತು ಮಾತಾಡುತ್ತೇನೆ ಅಂದರೆ ಅದಕ್ಕೇ.

ಆದರೆ ಆ ಹುಡುಗಿ ಕೇರ್ ವೀಸಾದಲ್ಲಿ ಇದ್ದಾಳಾ ಅಂತ ಮೆಲ್ಲಗೆ ತಿಳಿದುಕೊಳ್ಳಿ. ಇದ್ದರೆ ಹೊಸ ಮಾಲೀಕರಿಗೂ ಸ್ಪಾನ್ಸರ್ ಲೈಸೆನ್ಸ್ (ವೀಸಾದವರನ್ನು ಕೆಲಸಕ್ಕಿಟ್ಟುಕೊಳ್ಳಲು ಸರ್ಕಾರದ ಅನುಮತಿ) ಬೇಕು. ಆ ಕಾಗದಪತ್ರ ತಡವಾದರೆ ಅವಳಿಗೆ ನಿದ್ದೆ ಬರುವುದಿಲ್ಲ, ನನಗೂ ಬಂದಿರಲಿಲ್ಲ. 2025ರ ಜುಲೈ 22ರಿಂದ ಹೊರದೇಶದಿಂದ ಹೊಸ ಕೇರರ್‌ಗಳನ್ನು ಕರೆಸುವುದೂ ನಿಂತಿದೆ. ಇದ್ದವರನ್ನು ಬಿಟ್ಟುಕೊಟ್ಟರೆ ಕೌನ್ಸಿಲ್‌ನವರಿಗೂ ಕಷ್ಟವೇ. ಅವಳನ್ನು ಹತ್ತು ಸಲ "ಹೋಗ್ತೀಯಾ?" ಅಂತ ಕೇಳಬೇಡಿ. ಮ್ಯಾನೇಜರ್‌ಗೆ ಈಮೇಲ್ ಮಾಡಿ, ಅವಳ ಕೆಲಸವನ್ನು ಹೊಗಳಿ ನಾಲ್ಕು ಸಾಲು ಬರೆಯಿರಿ.

ಕೇಳಿದವರು

ತುಂಬಾ ಥ್ಯಾಂಕ್ಸ್. ರಿವ್ಯೂಗೆ ಈಮೇಲ್ ಹಾಕಿದೆ. ಗೆಳತಿಯೊಬ್ಬಳು ಡೈರೆಕ್ಟ್ ಪೇಮೆಂಟ್ ತಗೊ ಅನ್ನುತ್ತಿದ್ದಾಳೆ. ಕೌನ್ಸಿಲ್ ದುಡ್ಡನ್ನು ನಮ್ಮ ಕೈಗೇ ಕೊಟ್ಟರೆ ಅದೇ ಹುಡುಗಿಯನ್ನು ಇಟ್ಟುಕೊಳ್ಳಬಹುದಲ್ಲವಾ?

ಅಪ್ಪನಿಗೆ ಡೈರೆಕ್ಟ್ ಪೇಮೆಂಟ್ ತೆಗೆದುಕೊಂಡವರು

ತಾಳಿ ಮೇಡಂ, ಸಹಿ ಹಾಕಬೇಡಿ. ಸಾಮಾನ್ಯವಾಗಿ ಡೈರೆಕ್ಟ್ ಪೇಮೆಂಟ್ ದುಡ್ಡಿನಲ್ಲಿ ಅದೇ ಕೌನ್ಸಿಲ್‌ನ ಸೇವೆ ಕೊಳ್ಳುವ ಹಾಗಿಲ್ಲ. ಹುಡುಗಿ ಕೌನ್ಸಿಲ್ ನೌಕರಳಾದರೆ ನೀವು ಆಚೆ, ಅವಳು ಈಚೆ. ಅವಳು ಕೆಲಸ ಬಿಟ್ಟು ನಿಮ್ಮಲ್ಲಿಗೇ ಬರುತ್ತಾಳೆ ಅಂದರೂ, ಮನೆಯವರು ಅವಳ ವೀಸಾಗೆ ಸ್ಪಾನ್ಸರ್ ಆಗಲು ಬರುವುದಿಲ್ಲ. ನಾವು ಹೀಗೇ ಆತುರಪಟ್ಟು ಒಳ್ಳೆಯ ಕೇರರ್ ಕಳೆದುಕೊಂಡೆವು.

ದುಡ್ಡಿನ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ನೀವು ಕಟ್ಟುವುದು ಅಮ್ಮನ ಆದಾಯ, ಉಳಿತಾಯದ ಮೇಲೆ. ಉಳಿತಾಯ 23,250 ಪೌಂಡ್‌ಗಿಂತ ಕಡಿಮೆ ಇದ್ದರೆ, ಯಾರು ನಡೆಸಿದರು ಅನ್ನುವುದರಿಂದ ದೊಡ್ಡ ವ್ಯತ್ಯಾಸ ಬರುವುದಿಲ್ಲ. ಮನೆಯಲ್ಲೇ ಕೇರ್ ಪಡೆಯುವಾಗ ಅವರು ಇರುವ ಮನೆಯ ಬೆಲೆ ಲೆಕ್ಕಕ್ಕಿಲ್ಲ. ಉಳಿತಾಯ ಆ 23,250ಕ್ಕಿಂತ ಜಾಸ್ತಿ ಇದ್ದು ಪೂರ್ತಿ ನೀವೇ ಕಟ್ಟುತ್ತಿದ್ದರೆ ಮಾತ್ರ ಗಂಟೆಯ ದರ ಏರಿದ್ದು ನೇರ ನಿಮಗೆ ತಟ್ಟುತ್ತದೆ. ಹೊಸ ದರ ಎಷ್ಟು ಅಂತ ಈಗಲೇ ಕೇಳಿ.

ಕೇಳಿದವರು

ಉಳಿತಾಯ ಅಷ್ಟಿಲ್ಲ, ಬಚಾವ್. ಡೈರೆಕ್ಟ್ ಪೇಮೆಂಟ್ ಯೋಚನೆ ಬಿಟ್ಟೆ. ಇವತ್ತು ಫ್ರಿಜ್ ಹಾಳೆ ಬರೆಯಲು ಕೂತಾಗ ಆ ಹುಡುಗಿಯೇ ಪೆನ್ನು ಕಿತ್ತುಕೊಂಡು ನನಗೆ ಗೊತ್ತಿಲ್ಲದ ಸಾಲೊಂದನ್ನು ಸೇರಿಸಿದಳು: ಮಾತ್ರೆ ಕೊಡುವ ಮುಂಚೆ ಅಮ್ಮನ ಕೈಗೆ ಒಂದು ಚೂರು ಬೆಲ್ಲ ಕೊಡಿ.