ಸಹಾಯ ಬೇಕು: ಹಡಗಿನವರೇ ಸೀಲ್ ಒಡೆದರೆ ಇನ್ಶೂರೆನ್ಸ್ ಸಿಗುತ್ತದಾ?

ಎಲ್ಲರಿಗೂ ನಮಸ್ಕಾರ, ಚಿಕ್ಕಮಗಳೂರಿನಿಂದ ಬರೆಯುತ್ತಿದ್ದೇನೆ. ನಮ್ಮ ಭಾವ ಸಣ್ಣ ಮಟ್ಟದಲ್ಲಿ ಕಾಫಿ ರಫ್ತು ಮಾಡುತ್ತಾರೆ. ಮಂಗಳೂರಿನಿಂದ ಇಟಲಿಗೆ ಹೋದ ರೊಬಸ್ಟಾ ಕಂಟೇನರ್‌ನ ಸೀಲ್ ಒಡೆದಿತ್ತು. ಕೆಲವು ಮೂಟೆ ಇಲ್ಲ, ಉಳಿದದ್ದರಲ್ಲಿ ಜಾಸ್ತಿ ನೆನೆದಿದೆ. ಹಡಗಿನ ಸಿಬ್ಬಂದಿಯೇ ಬಾಗಿಲು ತೆಗೆದಿದ್ದಾರೆ ಅಂತ ಅಲ್ಲಿ ಸರಕಿನ ಹಾನಿ ಪರಿಶೀಲಿಸಿದ ಸರ್ವೇಯರ್ ಬರೆದಿದ್ದಾರೆ. ಖರೀದಿದಾರರು ದುಡ್ಡು ತಡೆಹಿಡಿದಿದ್ದಾರೆ.

ಪಾಲಿಸಿ ಇರುವುದು ಇನ್‌ಸ್ಟಿಟ್ಯೂಟ್ ಕಾರ್ಗೋ ಕ್ಲಾಸಸ್ (Clauses, ಅಂದರೆ ಸರಕು ವಿಮೆಯ ಸಿದ್ಧ ಷರತ್ತುಗಳು) 'ಬಿ' ಪ್ರಕಾರ. 'ಎ' ಆಗಿದ್ದರೆ ಕಳ್ಳತನವೂ ಸೇರುತ್ತಿತ್ತು. 'ಬಿ'ಯಲ್ಲಿ ಅದಿಲ್ಲ, ಬೇಕಂತಲೇ ಮಾಡಿದ ಹಾನಿಯೂ ಇಲ್ಲ. ಹೋದ ಮೂಟೆಗಳ ಆಸೆ ಬಿಟ್ಟಿದ್ದೇವೆ. ಆದರೆ ಕಂಟೇನರ್ ಒಳಗೆ ಸಮುದ್ರದ ನೀರು ನುಗ್ಗಿದರೆ 'ಬಿ'ಯಲ್ಲಿ ಕವರ್ ಇದೆ ಅಲ್ವಾ? 1963ರ ಮೆರೈನ್ ಇನ್ಶೂರೆನ್ಸ್ ಕಾಯ್ದೆಯ 55ನೇ ಸೆಕ್ಷನ್ ಓದಿದೆ. ಕವರ್ ಇರುವ ಅಪಾಯದಿಂದಲೇ ನಷ್ಟವಾಗಿದ್ದರೆ, ಅದಕ್ಕೆ ಕ್ಯಾಪ್ಟನ್ ಅಥವಾ ಸಿಬ್ಬಂದಿಯ ದುರ್ನಡತೆ ಕಾರಣ ಅಂತ ಕಂಪನಿ ನುಣುಚಿಕೊಳ್ಳುವ ಹಾಗಿಲ್ಲ. ಪಾಲಿಸಿಯಲ್ಲೇ ಬೇರೆ ರೀತಿ ಬರೆದಿದ್ದರೆ ಮಾತ್ರ ಬೇರೆ ಮಾತು.

ಇನ್ಶೂರೆನ್ಸ್‌ನವರು ಮಾತ್ರ ಎಲ್ಲವನ್ನೂ 'ಬೇಕಂತಲೇ ಮಾಡಿದ್ದು' ಅಂತ ಒಂದೇ ಗಂಟಿಗೆ ಕಟ್ಟುತ್ತಿದ್ದಾರೆ. ಕದಿಯೋಕೆ ಬಾಗಿಲು ತೆಗೆದಿರಬಹುದು. ಕಾಫಿ ನೆನೆಸೋಕೆ ಯಾರಾದರೂ ತೆಗೀತಾರಾ?

ನೆನೆದದ್ದು ಉಪ್ಪುನೀರಿನಿಂದಲೋ ಮಳೆಯಿಂದಲೋ ಅಂತ ನೋಡಲು ಸಿಲ್ವರ್ ನೈಟ್ರೇಟ್ ಟೆಸ್ಟ್ ಮಾಡಿಸಲು ಹೇಳಿದ್ದೇವೆ. ಈ ವಾದ ಹಿಡಿದು ಕ್ಲೇಮ್ ಗೆದ್ದವರು ಇದ್ದೀರಾ? ಹಡಗು ಕಂಪನಿ ಮೇಲೆ ಕೇಸ್ ಹಾಕಲು ಒಂದೇ ವರ್ಷ ಇರುವುದು, ಅದನ್ನೂ ಜೊತೆಗೇ ಹಾಕಬೇಕಾ? ಮಂಗಳೂರಿನಲ್ಲಿ ಮೆರೈನ್ ಕೇಸ್ ಗೊತ್ತಿರುವ ವಕೀಲರಿದ್ದರೆ ದಯವಿಟ್ಟು ತಿಳಿಸಿ.